ಹನ್ನೊಂದು ರ‍್ಯಾಕೆಟ್, ಒಂದು ಸರ್ವ್

(ಮಾಸಿಕ ಉಪನ್ಯಾಸಮಾಲೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ನನಗೆ ಕೊಟ್ಟಿರುವ ವಿಷಯ "ಆಟ ಮತ್ತು ಬದುಕು". ವಿಷಯ ದೊಡ್ಡದು, ನನ್ನ ಆಟ ಸಣ್ಣದು. ಧಾರವಾಡದ ಒಂದು ಕ್ಲಬ್ಬಿನಲ್ಲಿ ಹದಿನೈದು ವರ್ಷಗಳಿಂದ ಟೆನಿಸ್ ಆಡುತ್ತಿದ್ದೇನೆ. ಚೆನ್ನಾಗಿ ಆಡುತ್ತೇನೆ ಎಂದು ಯಾರೂ ಹೇಳಿಲ್ಲ. ಆದ್ದರಿಂದ ಆಟದ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆಟದ ಸಾಮಾನಿನ ಬಗ್ಗೆ ಮಾತ್ರ ಒಂದಿಷ್ಟು ಮಾತಾಡಬಲ್ಲೆ. ಅದರಲ್ಲಿ ನನಗೆ ಎಂಟು ವರ್ಷದ ಅನುಭವವಿದೆ, ಒಂದು ಲಕ್ಷ ಅರವತ್ನಾಲ್ಕು ಸಾವಿರ ರೂಪಾಯಿಯ ಅನುಭವವಿದೆ. ಲೆಕ್ಕ ಬರೆದಿಟ್ಟಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಏನನ್ನು ಬರೆದಿಟ್ಟಿರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಮೇಷ್ಟ್ರು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಏನಾದರೂ ಆಡಿ ಎಂದರು. ಬ್ಯಾಂಕಿನಲ್ಲಿದ್ದ ಗೆಳೆಯರೊಬ್ಬರು ಕೈಹಿಡಿದು ಕೋರ್ಟಿಗೆ ಕರೆದುಕೊಂಡು ಹೋದರು. ನನಗಿಂತ ಆರು ವರ್ಷ ಹಿರಿಯರು. ಅವರನ್ನು ಇಲ್ಲಿ ಬ್ಯಾಂಕಿನ ಕಾಕಾ ಎನ್ನುತ್ತೇನೆ, ಕ್ಲಬ್ಬಿನಲ್ಲಿ ಎಲ್ಲರೂ ಹಾಗೇ ಕರೆಯುವುದು. ನಾವಿಬ್ಬರೂ ಡಬಲ್ಸ್ ಜೋಡಿಯಾದೆವು.

ಟೆನಿಸ್ ಆಡದವರಿಗೆ ಒಂದೇ ಒಂದು ವಿಷಯ ತಿಳಿದರೆ ಸಾಕು, ನನ್ನ ಕಥೆ ಅರ್ಥವಾಗುತ್ತದೆ. ಆಟ ಶುರುವಾಗುವುದು ಸರ್ವ್‌ನಿಂದ. ಚೆಂಡನ್ನು ಒಂದು ಕೈಯಿಂದ ಮೇಲಕ್ಕೆ ಎಸೆದು, ಇನ್ನೊಂದು ಕೈಯ ರ‍್ಯಾಕೆಟ್ಟಿನಿಂದ ಹೊಡೆದು, ನೆಟ್ ದಾಟಿಸಿ ಎದುರಿನ ಚೌಕದೊಳಗೆ ಬೀಳಿಸಬೇಕು. ನೆಟ್ ನಡುವೆ 3 ಅಡಿ ಎತ್ತರ. ಆ ಚೌಕ ನೆಟ್ಟಿನಿಂದ 21 ಅಡಿಗೆ ಮುಗಿಯುತ್ತದೆ. ಎರಡು ಅವಕಾಶ ಕೊಡುತ್ತಾರೆ. ಎರಡೂ ತಪ್ಪಿದರೆ ಡಬಲ್ ಫಾಲ್ಟ್, ಎದುರಿನವರು ಕೈ ಎತ್ತದೆಯೇ ಅವರಿಗೆ ಒಂದು ಪಾಯಿಂಟ್. ಇಡೀ ಆಟದಲ್ಲಿ ಬೇರೆ ಯಾರ ಹಸ್ತಕ್ಷೇಪವೂ ಇಲ್ಲದೆ ಆಟಗಾರನೊಬ್ಬನೇ ಮಾಡುವ ಕೆಲಸ ಇದೊಂದೇ. ತಪ್ಪಿದರೆ ನೆಪ ಹೇಳಲು ಯಾರೂ ಸಿಗುವುದಿಲ್ಲ.

ನನಗೆ ನೆಪ ಸಿಕ್ಕಿತು. ಕೈಯಲ್ಲೇ ಇತ್ತು.

ಮೊದಲ ರ‍್ಯಾಕೆಟ್ ಹಗುರವಾಯಿತು ಎನಿಸಿತು, ಎರಡನೆಯದನ್ನು ತಂದೆ. ಅದು ಭಾರವಾಯಿತು. ಮೂರನೆಯದರ ಚೌಕಟ್ಟು ಬಿರುಸು, ನಾಲ್ಕನೆಯದು ಮೆತ್ತಗೆ. ಆಮೇಲೆ ಗಟ್. ರ‍್ಯಾಕೆಟ್ಟಿನ ನಡುವಿನ ಆ ಬಲೆಯನ್ನು ಎಷ್ಟು ಬಿಗಿಯಾಗಿ ಎಳೆದು ಕಟ್ಟಬೇಕು ಎಂಬುದನ್ನು ಪೌಂಡಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 50ರಿಂದ 60ರ ಆಸುಪಾಸು. ನಾನು 55ರಲ್ಲಿ ಶುರುಮಾಡಿ 53, 52, ಕೊನೆಗೆ 51.5ಕ್ಕೆ ಬಂದೆ. ಆ ಅರ್ಧ ಪೌಂಡಿಗಾಗಿ ಹುಬ್ಬಳ್ಳಿಗೆ ಹೋಗಿ ಗಟ್ಟಿಂಗ್ ಮಾಡಿಸಿಕೊಂಡು ಬರುತ್ತಿದ್ದೆ. ಆಮೇಲೆ ಸೀಸದ ಪಟ್ಟಿ. ತುದಿಗೆ 3 ಗ್ರಾಂ ಸೀಸ ಅಂಟಿಸಿದರೆ ಬೀಸುವಾಗ ಕೈಗೆ ತಿಳಿಯುವ ಭಾರ ನೂರಕ್ಕೆ ಮೂರರಷ್ಟು ಹೆಚ್ಚುತ್ತದೆ. ಇದು ಸುಳ್ಳಲ್ಲ, ಲೆಕ್ಕ ಹಾಕಿ ತೋರಿಸಬಲ್ಲೆ. ಹಾಕಿಯೂ ಹಾಕಿದೆ. ರಾತ್ರಿ ಊಟವಾದ ಮೇಲೆ ಗೋಡೆಯ ಮೊಳೆಗೆ ರ‍್ಯಾಕೆಟ್ಟನ್ನು ಹಿಡಿಕೆಯ ಕಡೆಯಿಂದ ನೇತುಹಾಕಿ ಗಡಿಯಾರದ ಲೋಲಕದ ಹಾಗೆ ತೂಗಾಡಿಸುತ್ತಿದ್ದೆ. ಹತ್ತು ತೂಗಾಟಕ್ಕೆ ಸುಮಾರು 14 ಸೆಕೆಂಡು. ಸ್ಟಾಪ್‌ವಾಚಿನಲ್ಲಿ ಅಳೆದು, ಅದರಿಂದ ಜಡತ್ವದ ಮಹತ್ವ ಕಂಡುಹಿಡಿದು, ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಡುಗೆಮನೆಯ ತೂಕದ ಯಂತ್ರ ನನ್ನ ಮೇಜಿನ ಮೇಲೇ ಇರುತ್ತಿತ್ತು. ಮನೆಯವರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು: "ಎಷ್ಟ್ ಸಲ ತೂಗ್ತೀರಿ ಅದನ್ನ? ಬಂಗಾರೇನ್ರಿ?"

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ನಮ್ಮೂರ ಭಜನಾ ಮಂಡಳಿ ಮೂರು ಹಾರ್ಮೋನಿಯಂ ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸ್ವರ ಮಾತ್ರ ಇದ್ದಲ್ಲೇ ಇದೆ.

ಈ ಹುಚ್ಚು ಹೇಗೆ ಉಳಿಯುತ್ತದೆ ಎಂಬುದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಅದು ತಾನಾಗಿಯೇ ಸಾಯುತ್ತಿತ್ತು. ಹೊಸ ರ‍್ಯಾಕೆಟ್ ತಂದ ಮೊದಲ ಎರಡು ವಾರ ನನ್ನ ಆಟ ನಿಜವಾಗಿಯೂ ಸುಧಾರಿಸುತ್ತಿತ್ತು! ಯಾಕೆಂದರೆ ಹೊಸದು ಕೈಯಲ್ಲಿದ್ದಾಗ ಗಮನವಿಟ್ಟು ಚೆಂಡು ನೋಡುತ್ತಿದ್ದೆ, ಹೆದರದೆ ಪೂರ್ತಿ ಕೈ ಬೀಸುತ್ತಿದ್ದೆ, ತಪ್ಪಿದರೆ "ಇನ್ನೂ ಹೊಸದು, ಒಗ್ಗಬೇಕು" ಎಂದು ನನ್ನನ್ನು ನಾನೇ ಕ್ಷಮಿಸುತ್ತಿದ್ದೆ. ಮೂರನೆಯ ವಾರ ಆ ಗಮನವೂ ಹೋಗುತ್ತಿತ್ತು, ಕ್ಷಮೆಯೂ ಹೋಗುತ್ತಿತ್ತು. ಹಳೆಯ ನಾನು ವಾಪಸ್ಸು ಬರುತ್ತಿದ್ದೆ. ಆಗ ರ‍್ಯಾಕೆಟ್ಟಿನ ದೋಷ ಕಾಣತೊಡಗುತ್ತಿತ್ತು.

ಹಾಗಾದರೆ ಸಾಮಾನು ಲೆಕ್ಕಕ್ಕೇ ಇಲ್ಲವೇ? ಹಾಗೆ ಹೇಳಿಬಿಟ್ಟರೆ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ಆದರೆ ಅದು ಸತ್ಯವಲ್ಲ. ಟೆನಿಸ್ಸಿನ ಚರಿತ್ರೆಯಲ್ಲಿ ಸಾಮಾನು ಆಟವನ್ನೇ ಬದಲಿಸಿದ ಸಂದರ್ಭಗಳಿವೆ.

1977ರ ಮಾತು. ಜರ್ಮನಿಯ ವರ್ನರ್ ಫಿಶರ್ ಎಂಬ ತೋಟಗಾರಿಕೆಯವನೊಬ್ಬ ವಿಚಿತ್ರ ರ‍್ಯಾಕೆಟ್ ಮಾಡಿದ್ದ. ಉದ್ದದ ಗಟ್ ಎರಡು ಪದರ, ಅಡ್ಡ ಗಟ್ ನಡುವೆ, ಒಂದಕ್ಕೊಂದು ಹೆಣೆದಿರಲಿಲ್ಲ. ಉದ್ದದವು ಜಾರಿ ಚೆಂಡಿಗೆ ವಿಪರೀತ ತಿರುಗು ಕೊಡುತ್ತಿದ್ದವು. ಜನ ಅದಕ್ಕೆ ಸ್ಪಗೆಟ್ಟಿ ರ‍್ಯಾಕೆಟ್ ಎಂದರು, ನಮ್ಮ ಶಾವಿಗೆ ಅನ್ನಿ. ಅದನ್ನು ಹಿಡಿದು ಮೈಕ್ ಫಿಶ್‌ಬಾಕ್ ಎಂಬ ಹೆಸರಿಲ್ಲದ ಆಟಗಾರ ಅಮೆರಿಕನ್ ಓಪನ್‌ನಲ್ಲಿ ಸ್ಟ್ಯಾನ್ ಸ್ಮಿತ್‌ನಂಥವನನ್ನು ಸೋಲಿಸಿದ. ರುಮೇನಿಯಾದ ಇಲಿ ನಾಸ್ಟಾಸೆ ಇಂಥ ರ‍್ಯಾಕೆಟ್ ಹಿಡಿದವನಿಗೆ ಸೋತು ಕೂಗಾಡಿದ. ಮುಂದಿನ ವಾರ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ತಾನೇ ಅದನ್ನು ಹಿಡಿದು ಬಂದ! ಎದುರಿಗೆ ಮಣ್ಣಿನ ಕೋರ್ಟಿನಲ್ಲಿ ಸತತ 53 ಪಂದ್ಯ ಗೆದ್ದಿದ್ದ ಗಿಯರ್ಮೊ ವಿಲಾಸ್. ಎರಡು ಸೆಟ್ ಸೋತ ವಿಲಾಸ್ ಸಿಟ್ಟಿನಿಂದ ಆಟ ಬಿಟ್ಟು ನಡೆದ. ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಆ ರ‍್ಯಾಕೆಟ್ಟನ್ನು ನಿಷೇಧಿಸಿತು. ಗಟ್ ಹೇಗಿರಬೇಕು ಎಂಬ ನಿಯಮ ಬಂದದ್ದು ಅದರ ಮರುವರ್ಷ.

ಇನ್ನೊಬ್ಬ ಹೊವರ್ಡ್ ಹೆಡ್. ಈತನ ಮೇಲೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ಈತನೂ ಎಂಜಿನಿಯರ್, ಈತನಿಗೂ ಟೆನಿಸ್ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಲೋಹದಲ್ಲಿ ಮಾಡಿ ದುಡ್ಡು ಕಂಡವನು. 1969ರಲ್ಲಿ ಕಂಪನಿ ಮಾರಿ ಟೆನಿಸ್ ಕಲಿಯಲು ನಿಂತ. ಅಭ್ಯಾಸಕ್ಕೆಂದು ಪ್ರಿನ್ಸ್ ಎಂಬ ಕಂಪನಿಯ ಚೆಂಡು ಎಸೆಯುವ ಯಂತ್ರ ಕೊಂಡ. ಯಂತ್ರ ಸರಿಯಿರಲಿಲ್ಲ. ಆಟ ಬಿಟ್ಟು ಯಂತ್ರ ರಿಪೇರಿಗೆ ಕೂತ, ಕೊನೆಗೆ ಆ ಕಂಪನಿಯಲ್ಲೇ ಪಾಲುದಾರನಾದ. ನೋಡಿ, ನನ್ನದೇ ಜಾತಿ! (ಇಲ್ಲಿ ಜಾತಿ ಎಂದದ್ದಕ್ಕೆ ಕ್ಷಮೆಯಿರಲಿ, ಈ ಸಭೆಯಲ್ಲಿ ಆ ಪದ ಬಳಸಬಾರದಿತ್ತು.) ಆದರೆ ಅವನಿಗೂ ನನಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ತನ್ನ ತಪ್ಪು ಏನೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಚೆಂಡು ನಡುವೆ ತಗುಲದೆ ಬದಿಗೆ ತಗುಲಿದರೆ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತಿತ್ತು. ಅಷ್ಟೇ ಅವನ ಪ್ರಶ್ನೆ. ತಿರುಚುವಿಕೆಗೆ ಒಡ್ಡುವ ತಡೆ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಗಲ ಒಂದೂಕಾಲು ಪಟ್ಟಾದರೆ ತಡೆ ಒಂದೂವರೆ ಪಟ್ಟು ಮೀರುತ್ತದೆ. ಆದ್ದರಿಂದ ತಲೆ ಅಗಲ ಮಾಡಿದ. 1976ರಲ್ಲಿ ಪೇಟೆಂಟ್ ಸಿಕ್ಕಿತು. ಎಲ್ಲರೂ ಗೇಲಿ ಮಾಡಿದರು. 1978ರಲ್ಲಿ ಹದಿನಾರು ವರ್ಷದ ಪ್ಯಾಮ್ ಶ್ರೈವರ್ ಎಂಬ ಹುಡುಗಿ ಆ ದೊಡ್ಡ ರ‍್ಯಾಕೆಟ್ ಹಿಡಿದು ಅಮೆರಿಕನ್ ಓಪನ್ ಫೈನಲ್ ತಲುಪಿದಳು. ಇವತ್ತು ನಾವೆಲ್ಲ ಹಿಡಿಯುವ ರ‍್ಯಾಕೆಟ್ ಅವನ ಋಣದಲ್ಲಿದೆ.

ಬದಲಿಸದೆ ಕೆಟ್ಟವರೂ ಇದ್ದಾರೆ. ಐದು ಸಲ ಸತತವಾಗಿ ವಿಂಬಲ್ಡನ್ ಗೆದ್ದ ಬ್ಯೋರ್ನ್ ಬೋರ್ಗ್ 1991ರಲ್ಲಿ ಮಾಂಟೆ ಕಾರ್ಲೋದಲ್ಲಿ ಮತ್ತೆ ಆಡಲು ಬಂದಾಗ ಕೈಯಲ್ಲಿ ಅದೇ ಮರದ ರ‍್ಯಾಕೆಟ್. ಊರೆಲ್ಲ ಗ್ರಾಫೈಟ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ಸೋತ. ಪೀಟ್ ಸಾಂಪ್ರಾಸ್ 85 ಚದರ ಇಂಚಿನ ಸಣ್ಣ ತಲೆಯ ರ‍್ಯಾಕೆಟ್ಟಿನಲ್ಲೇ 14 ಗ್ರ್ಯಾಂಡ್ ಸ್ಲಾಮ್ ಗೆದ್ದ, ಫ್ರೆಂಚ್ ಓಪನ್ ಮಾತ್ರ ಸಿಗಲಿಲ್ಲ. ಮಣ್ಣಿನ ಕೋರ್ಟಿಗೆ ದೊಡ್ಡದನ್ನು ಪ್ರಯತ್ನಿಸಬೇಕಿತ್ತು ಎಂದು ನಿವೃತ್ತಿಯ ಮೇಲೆ ಅವನೇ ಹೇಳಿಕೊಂಡಿದ್ದಾನೆ. ರೋಜರ್ ಫೆಡರರ್ 90 ಇಂಚಿನದರಲ್ಲಿ 17 ಗ್ರ್ಯಾಂಡ್ ಸ್ಲಾಮ್ ಗೆದ್ದ ಮೇಲೂ 2014ರಲ್ಲಿ 97ಕ್ಕೆ ಬದಲಾದ, ಆಮೇಲೆ ಇನ್ನೂ ಮೂರು ಗೆದ್ದ.  ನಾನು ಅಷ್ಟರಲ್ಲಿ ಏಳು ಸಲ ಬದಲಿಸಿದ್ದೆ.

ನಮ್ಮವರ ಮಾತೂ ಒಂದು ಹೇಳಿಬಿಡುತ್ತೇನೆ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ತಮ್ಮ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದ್ದ ಮನುಷ್ಯ. ಅಯ್ಯಂಗಾರ್ ಯೋಗ ಹಿಡಿದೇ ಆಟದಲ್ಲಿ ಉಳಿದೆ ಎಂದು ಅವರು ಹೇಳಿದ್ದಾರೆ. ಅದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇವರು ಯಾವ ಗಟ್ ಹಾಕಿಸುತ್ತಾರೆ ಎಂದು. ಅಷ್ಟು ಹೊತ್ತಿಗೆ ನಾನು ಈ ರೋಗ ವಾಸಿಯಾಗಿದೆ ಎಂದುಕೊಂಡಿದ್ದೆ.

ಈಗ ನಮ್ಮ ಮಾರ್ಕರ್ ವಿಷಯ. ಕ್ಲಬ್ಬುಗಳಲ್ಲಿ ಸದಸ್ಯರ ಜೊತೆ ಆಡಿ ಅಭ್ಯಾಸ ಮಾಡಿಸುವ ನೌಕರನಿಗೆ ಮಾರ್ಕರ್ ಎನ್ನುತ್ತಾರೆ. ನಮ್ಮ ಮಾರ್ಕರ್ ಹತ್ತನೇ ವಯಸ್ಸಿಗೆ ಚೆಂಡು ಹೆಕ್ಕಲು ಬಂದವನು, ಅಲ್ಲೇ ಆಟ ಕಲಿತವನು. ಬೆಳಿಗ್ಗೆ ಐದಕ್ಕೆ ಬಂದು ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಾನೆ. ಅವನ ರ‍್ಯಾಕೆಟ್ ಯಾರೋ ಸದಸ್ಯರು ಬಿಸಾಕಿದ್ದು. ಹರಿದ ಕಡೆ ಬೇರೆ ಬಣ್ಣದ ಗಟ್ ಸೇರಿಸಿ ತಾನೇ ಕಟ್ಟಿಕೊಂಡದ್ದು. ಅದನ್ನು ಹಿಡಿದು ನಮ್ಮ ಯಾರನ್ನು ಬೇಕಾದರೂ ಸೋಲಿಸುತ್ತಿದ್ದ, ಆದರೆ ಸದಸ್ಯರ ಮುಖ ನೋಡಿ ಎಷ್ಟು ಅಂತರದಲ್ಲಿ ಎಂದು ನಿರ್ಧರಿಸುತ್ತಿದ್ದ.

2014ರಲ್ಲಿ ಅವನು ಕಮಿಟಿಗೆ ಒಂದು ಅರ್ಜಿ ಕೊಟ್ಟ. ಗಂಟೆಗೆ 150 ರೂಪಾಯಿ ಇದ್ದದ್ದನ್ನು 200 ಮಾಡಬೇಕು ಎಂದು. ನಾನು ಆಗ ಕಮಿಟಿಯಲ್ಲಿದ್ದೆ. ಒಂದೇ ಸಲಕ್ಕೆ ಐವತ್ತು ರೂಪಾಯಿ ಏರಿಸುವುದು ಹೆಚ್ಚಾಯಿತು, 170 ಸಾಕು ಎಂದು ವಾದಿಸಿದೆ. ನನ್ನ ವಾದವೇ ಗೆದ್ದಿತು. ಆ ವಾರವೇ ಹದಿನಾಲ್ಕೂವರೆ ಸಾವಿರದ ರ‍್ಯಾಕೆಟ್ ತರಿಸಿದ್ದೆ. ಎರಡೂ ನನ್ನ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿವೆ, ಎರಡು ದಿನದ ಅಂತರದಲ್ಲಿ. ಬರೆಯುವಾಗ ಕಣ್ಣಿಗೆ ಬೀಳಲಿಲ್ಲ. ಎಂಟು ವರ್ಷದಲ್ಲಿ ಸಾಮಾನಿಗೆ ಒಂದು ಲಕ್ಷ ಅರವತ್ನಾಲ್ಕು ಸಾವಿರ ಹೋಗಿತ್ತು. ಆ ಮನುಷ್ಯನಿಂದ ಕಲಿಯಲು ಕೊಟ್ಟದ್ದು ಸೊನ್ನೆ. ಕಾಯಕದ ಬಗ್ಗೆ ಈ ವೇದಿಕೆಯಲ್ಲೇ ನಾನು ಎರಡು ಸಲ ಉಪನ್ಯಾಸ ಕೊಟ್ಟಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ವೈರಾಗ್ಯವಲ್ಲ, ಮೊಣಕೈ. ಬಿರುಸಾದ ಪಾಲಿಯೆಸ್ಟರ್ ಗಟ್ ಹಾಕಿಸಿದ್ದೆ. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟೆನ್ ಅಂಥದನ್ನು ಹಾಕಿ ಫ್ರೆಂಚ್ ಓಪನ್ ಗೆದ್ದ ಮೇಲೆ ಲೋಕವೆಲ್ಲ ಅದನ್ನೇ ಹಾಕಿತ್ತು. ಅವನ ವಯಸ್ಸು ಇಪ್ಪತ್ತು, ನನ್ನದು ನಲವತ್ತೆಂಟು. ಲೋಟ ಎತ್ತಿದರೂ ನೋವು. ಗಟ್ಟಿಗೆ ಸಿಕ್ಕಿಸುವ ರಬ್ಬರ್ ಗುಂಡಿ ತಂದೆ. ಅದು ಟಿಂಗ್ ಎಂಬ ಸದ್ದು ನಿಲ್ಲಿಸುತ್ತದೆ, ನೋವು ನಿಲ್ಲಿಸುವುದಿಲ್ಲ. ಎರಡು ತಿಂಗಳು ಆಡುವಂತಿರಲಿಲ್ಲ, ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ.

ಆಗ ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. ಕೈ ಸ್ವಲ್ಪ ವಾಸಿಯಾದ ಮೇಲೆ, ಒಂದೇ ಬಗೆಯ ಎರಡು ರ‍್ಯಾಕೆಟ್, ಒಂದಕ್ಕೆ 51, ಇನ್ನೊಂದಕ್ಕೆ 53 ಪೌಂಡ್. ಗುರುತು ಮುಚ್ಚಿ, ಯಾವುದು ಯಾವುದೆಂದು ಮಾರ್ಕರ್‌ನಿಗೆ ಮಾತ್ರ ಗೊತ್ತಿರುವಂತೆ ಮಾಡಿ, ಹತ್ತು ಸಲ ಬದಲಿಸಿ ಆಡಿದೆ. ಹತ್ತರಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಚೆಂಡು ಗಟ್ಟಿನ ಮೇಲೆ ಇರುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು. ನನ್ನ ಕೈಗೆ ಅಷ್ಟರಲ್ಲಿ ಎರಡು ಪೌಂಡು ತಿಳಿಯುತ್ತಿರಲಿಲ್ಲ, ಅರ್ಧ ಪೌಂಡಿಗೆ ಬಸ್ಸು ಹತ್ತುತ್ತಿದ್ದೆ.

ಮಾರ್ಕರ್ ಎರಡೂ ರ‍್ಯಾಕೆಟ್ ಒರೆಸಿ ಕೊಡುತ್ತ ಕೇಳಿದ: "ಸರ್, ಒಂದ್ ಮಾತ್ ಕೇಳ್ಲೇನ್ರಿ? ತಪ್ಪ್ ತಿಳೀಬ್ಯಾಡ್ರಿ. ಒಂದ್ ಮ್ಯಾಚಿಗೆ ನಿಮ್ಮ ಡಬಲ್ ಫಾಲ್ಟ್ ಎಷ್ಟ್ ಆಗ್ತಾವ್ರಿ?"

ನನಗೆ ಗೊತ್ತಿರಲಿಲ್ಲ. ಗ್ರಾಂ, ಪೌಂಡ್, ಸೆಕೆಂಡು ಎಲ್ಲ ಬರೆದಿಟ್ಟಿದ್ದ ಪುಸ್ತಕದಲ್ಲಿ ಇದೊಂದೇ ಇರಲಿಲ್ಲ.

"ಹನ್ನೊಂದರಿ, ಹನ್ನೆರಡರಿ. ಕಾಕಾ ಅವರಿಗೆ ಗೊತ್ತದ. ಕೇಳ್ರಿ."

ಕೇಳಿದೆ. ಕಾಕಾ ಬಹಳ ಹೊತ್ತು ಶೂ ದಾರ ಬಿಚ್ಚುತ್ತ ಕೂತರು. ಆಮೇಲೆ ಹೇಳಿದರು: "ನೀವು ಎರಡನೇ ಸರ್ವಿಗೆ ಚೆಂಡು ಎಸೆದಾಗೆಲ್ಲ ನಾನು ಕಣ್ಣು ಮುಚ್ಚತೀನಿ, ಮಾಸ್ತರ. ಎಂಟು ವರ್ಷ ಆತು." ಗೆಳೆತನ ಕೆಡುವುದು ಬೇಡ ಎಂದು ಎಂಟು ವರ್ಷ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ಹೊಸ ರ‍್ಯಾಕೆಟ್ ತೋರಿಸಿದಾಗೆಲ್ಲ ಚೆನ್ನಾಗಿದೆ ಎನ್ನುತ್ತಿದ್ದರು.

ಆಗ ನನಗೆ ಹೊಳೆಯಿತು, ನಾನು ಮಾಡುತ್ತಿದ್ದದ್ದು ಸಾಮಾನಿನ ಮೋಹವಲ್ಲ. ಎರಡನೇ ಸರ್ವ್ ಕಲಿಯಬೇಕಾದರೆ ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಎಲ್ಲರ ಮುಂದೆ ಒಬ್ಬನೇ ನಿಂತು ತಪ್ಪಬೇಕು. ಮೇಷ್ಟ್ರು, ಕಮಿಟಿ ಸದಸ್ಯರು, ಎರಡನೇ ಕ್ಲಾಸಿನ ಹುಡುಗನ ಹಾಗೆ ತಪ್ಪುವುದನ್ನು ಚೆಂಡು ಹೆಕ್ಕುವ ಹುಡುಗರು ನೋಡಬೇಕು. ಕಲಿತೂ ಬರದಿದ್ದರೆ ಆಗ ಇನ್ನೇನೂ ಹೇಳುವಂತಿಲ್ಲ. ಮುಂದಿನ ರ‍್ಯಾಕೆಟ್ ಇರುವತನಕ ಆ ತೀರ್ಪನ್ನು ಮುಂದಕ್ಕೆ ಹಾಕಬಹುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಸೀಸ ಅಂಟಿಸುವಾಗ ಯಾರೂ ನೋಡುವುದಿಲ್ಲ, ನಾನು ಎಂಜಿನಿಯರನೇ ಆಗಿರುತ್ತೇನೆ.

ಮರುದಿನ ಮಾರ್ಕರ್‌ನ ಬಳಿ ಹೋಗಿ ಕಲಿಸು ಎಂದೆ. ಗಂಟೆಗೆ 300 ಕೊಡುತ್ತೇನೆ ಎಂದೆ. ಅವನು ಕಮಿಟಿ ರೇಟ್ ಎಷ್ಟೋ ಅಷ್ಟೇ ಕೊಡ್ರಿ ಎಂದ. ಅದು ವಿನಯವೋ ಚುಚ್ಚುಮಾತೋ ನನಗೆ ಇವತ್ತಿಗೂ ತಿಳಿದಿಲ್ಲ. ಮುಂದಿನ ಕಮಿಟಿ ಸಭೆಯಲ್ಲಿ ರೇಟ್ 300 ಮಾಡಬೇಕೆಂದು ನಾನೇ ಸೂಚನೆ ಮಂಡಿಸಿದೆ. 250ಕ್ಕೆ ನಿಂತಿತು. ವಿರೋಧಿಸಿದವರು ಬಳಸಿದ್ದು 2014ರ ನನ್ನದೇ ವಾದವನ್ನು.

ಅವನು ಮೊದಲು ಮಾಡಿದ ಕೆಲಸ, ನನ್ನ ಬ್ಯಾಗನ್ನು ರೋಲರ್ ಇಡುವ ಶೆಡ್ಡಿನಲ್ಲಿಟ್ಟು ಬೀಗ ಹಾಕಿದ್ದು. ಒಂದೇ ರ‍್ಯಾಕೆಟ್ ಕೈಗೆ ಕೊಟ್ಟ, ಅದೂ ನನ್ನ ಮೂರನೆಯದು, ನಾನು ಮರೆತೇಬಿಟ್ಟಿದ್ದು. ಹತ್ತು ದಿನ ಆ ರ‍್ಯಾಕೆಟ್ಟಿನಿಂದಲೂ ಹೊಡೆಯಲು ಬಿಡಲಿಲ್ಲ. ಎಡಗೈಯಿಂದ ಚೆಂಡು ಮೇಲಕ್ಕೆ ಎಸೆ, ಅದು ನೆಲದ ಮೇಲೆ ಹಾಸಿದ ಟವೆಲ್ಲಿನ ಮೇಲೆಯೇ ಬೀಳಬೇಕು. ದಿನಕ್ಕೆ ಅರವತ್ತು ಸಲ. ನನ್ನ ದೋಷವೆಲ್ಲ ಅಲ್ಲಿತ್ತು, ರ‍್ಯಾಕೆಟ್ ಹಿಡಿಯದ ಕೈಯಲ್ಲಿ! ಹನ್ನೊಂದು ರ‍್ಯಾಕೆಟ್ಟೂ ಬಲಗೈಗೆ ಕೊಂಡಿದ್ದೆ.

ಆಮೇಲೆ ಮೂರು ವಾರ ಆಟ ಮೊದಲಿಗಿಂತ ಕೆಟ್ಟಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾಮಾನು ಬದಲಿಸಿದರೆ ಮೊದಲು ಸುಧಾರಿಸಿ ಆಮೇಲೆ ಕೆಡುತ್ತದೆ, ಅಭ್ಯಾಸ ಬದಲಿಸಿದರೆ ಮೊದಲು ಕೆಡುತ್ತದೆ. ಆ ಮೂರು ವಾರದಲ್ಲಿ ಎರಡು ಸಲ ಶೆಡ್ಡಿನ ಬೀಗದ ಕೈ ಕೇಳಿದೆ. ಮನೆಗೆ ಮರೆತು ಬಂದಿದ್ದೇನೆ ಎಂದ. ಸೊಂಟದಲ್ಲಿ ಕಾಣುತ್ತಿತ್ತು.

ಐದಾರು ತಿಂಗಳಿಗೆ ಎರಡನೇ ಸರ್ವ್ ಚೌಕದೊಳಗೆ ಬೀಳತೊಡಗಿತು. ವೇಗವಿಲ್ಲ, ಆದರೆ ಬೀಳುತ್ತದೆ. ಅಷ್ಟರಲ್ಲಿ ಕಾಕಾ ಅವರಿಗೆ ಹೃದಯದ ಬೈಪಾಸ್ ಆಗಿತ್ತು, ಡಾಕ್ಟರು ಇನ್ನು ಟೆನಿಸ್ ಬೇಡ ಎಂದಿದ್ದರು. ಹಿರಿಯರ ಡಬಲ್ಸ್ ಕಪ್ ಒಂದು ಸಲ ಗೆಲ್ಲಬೇಕೆಂಬುದು ಅವರ ಆಸೆ. ಎರಡು ಸಲ ಸೆಮಿಫೈನಲ್ ತನಕ ಹೋಗಿದ್ದೆವು. ಎರಡೂ ಸಲ ಕೊನೆಯ ಪಾಯಿಂಟ್ ಹೋದದ್ದು ನನ್ನ ಸರ್ವಿನಲ್ಲಿ, ಮತ್ತು ಎರಡೂ ಸಲ ಅವರನ್ನು ಸಮಾಧಾನಪಡಿಸುತ್ತ ನಾನು ಗಟ್ ಸಡಿಲವಾಗಿತ್ತು ಎಂದು ಹೇಳಿದ್ದೆ.

ಒಂಬತ್ತು ರ‍್ಯಾಕೆಟ್ಟನ್ನು ಮಾರ್ಕರ್‌ನ ಬಳಿ ಕಲಿಯುವ ಮಕ್ಕಳಿಗೆ ಕೊಟ್ಟೆ. ಸೀಸದ ಪಟ್ಟಿ ಕಿತ್ತು ಕೊಟ್ಟೆ, ಮಕ್ಕಳ ಕೈ. ಅದರಲ್ಲಿ ಒಬ್ಬಳು ಹುಡುಗಿ, ಕೋರ್ಟಿನ ಹಿಂದಿನ ಓಣಿಯವಳು, ನನ್ನ ಹದಿನಾಲ್ಕೂವರೆ ಸಾವಿರದ್ದನ್ನು ಹಿಡಿದು ಆಡುತ್ತಾಳೆ. ಅದು ಎಷ್ಟರದ್ದು ಎಂದು ಅವಳಿಗೆ ಹೇಳಿಲ್ಲ.

ಕಾಕಾ ಈಗಲೂ ಸಂಜೆ ಬರುತ್ತಾರೆ. ಬೇವಿನ ಮರದ ಕೆಳಗಿನ ಸಿಮೆಂಟ್ ಬೆಂಚಿನಲ್ಲಿ ಕೂತು ನನ್ನ ಡಬಲ್ ಫಾಲ್ಟ್ ಎಣಿಸುವುದು ಅವರು ತಾವಾಗಿ ವಹಿಸಿಕೊಂಡ ಕೆಲಸ. ಕಣ್ಣು ಮುಚ್ಚುವುದಿಲ್ಲವಂತೆ. ಹೋದ ಭಾನುವಾರ ಆಟ ಮುಗಿಸಿ ಟವೆಲ್ ತೆಗೆದುಕೊಳ್ಳಲು ಹೋದಾಗ, ನಾನು ಕೇಳುವ ಮೊದಲೇ ಕೈ ಎತ್ತಿ ನಾಲ್ಕು ಬೆರಳು ತೋರಿಸಿದರು.